ಖಾಲಿ ಕುರ್ಚಿಗೆ ತುಂಬು ಹೃದಯದ ಸ್ವಾಗತ

“...ಅಂತೆಯೇ ಸಂಘದ ಬೆನ್ನೆಲುಬು, ಯುವಕರ ಕಣ್ಮಣಿ ಶ್ರೀಯುತ ಕಾಂತರಾಜು ಅವರಿಗೂ ತುಂಬು ಹೃದಯದ ಸ್ವಾಗತ” ಎಂದು ಪವಿತ್ರ ಬಲಕ್ಕೆ ತಿರುಗಿ ಕೈಮುಗಿದಳು. ಅವಳು ಕೈಮುಗಿದ ಕಡೆ ಕುರ್ಚಿ ಖಾಲಿ ಇತ್ತು.

ಚಪ್ಪಾಳೆ ಬಿದ್ದೇ ಬಿತ್ತು. ಹಾರನಹಳ್ಳಿಯ ಸಮುದಾಯ ಭವನದಲ್ಲಿ ಕೂತಿದ್ದ ಜನಕ್ಕೆ ಹೆಸರು ಕೇಳಿದರೆ ಚಪ್ಪಾಳೆ ತಟ್ಟಿ ರೂಢಿ. ಹೆಸರಿನ ಮನುಷ್ಯ ಬಂದಿದ್ದಾನೋ ಇಲ್ಲವೋ ಎಂದು ಕತ್ತು ನೀಳಮಾಡಿ ನೋಡುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಗುಲಾಬಿಯ ತಟ್ಟೆ ಹಿಡಿದಿದ್ದ ಶಿಕ್ಷಕಿ ಸೌಂದರ್ಯ ಮಾತ್ರ ಆ ಕುರ್ಚಿಯ ಮುಂದೆ ತಬ್ಬಿಬ್ಬಾಗಿ ನಿಂತಳು. ಪವಿತ್ರ ಕಣ್ಣಲ್ಲೇ ಸನ್ನೆ ಮಾಡಿದಳು. ಸೌಂದರ್ಯ ಹೂವನ್ನು ಕುರ್ಚಿಯ ಮೇಲಿಟ್ಟು, ಅದಕ್ಕೂ ಒಂದು ಸಣ್ಣ ನಮಸ್ಕಾರ ಹಾಕಿ, ಮುಂದಿನವರ ಹತ್ತಿರ ಹೋದಳು. ಮೈಕು ಮತ್ತೆ ಕರಕರ ಎಂದಿತು. ಪವಿತ್ರ ಬಾಗಿಲ ಕಡೆ ನೋಡಿದಳು. ಮೆಹಬೂಬ್ ಇನ್ನೂ ಬಂದಿರಲಿಲ್ಲ.

ಮೆಹಬೂಬ್ ಪಿರಿಯಾಪಟ್ಟಣದ ಮೈಕ್ ಸೆಟ್ಟಿನವನು. ಆ ಸುತ್ತಿನಲ್ಲಿ ಯಾವ ಸಮಾರಂಭ ನಡೆದರೂ ಪೆಟ್ಟಿಗೆ, ವೈರು, ಸ್ಪೀಕರು ಅವನದು. ಸ್ವಾಗತ ಭಾಷಣ ಪವಿತ್ರಳದು. ಆವತ್ತು ಬೆಳಿಗ್ಗೆ ಮೈಕು ಪರೀಕ್ಷೆ ಮಾಡುವಾಗ ಅವಳೇ ರಾಗ ತೆಗೆದಿದ್ದಳು: “ಮೆಹಬೂಬಣ್ಣ, ಇದೇನಿದು, ಮಾತಿಗಿಂತ ಕೆಮ್ಮೇ ಜಾಸ್ತಿಯಾಯ್ತು? ಬೇರೆ ಮೈಕಿಲ್ವಾ?” ಅವನು ನಾಲಿಗೆ ಕಚ್ಚಿಕೊಂಡ. “ನಿಮ್ಮ ಗಂಟಲಿಗೇ ಅಂತ ಒಂದು ಎತ್ತಿಟ್ಟಿವ್ನಿ ಮೇಡಂ, ಅಂಗಡೀಲೇ ಮರ್ತು ಬಂದೆ. ನೀವು ಶುರು ಮಾಡ್ಕಳಿ, ಅಂಗೋಗಿ ಇಂಗ್ ಬಂದ್ಬುಡ್ತೀನಿ” ಎಂದು ಹಳೇ ಮೊಪೆಡ್ ಹತ್ತಿ ಹೋಗಿದ್ದ.

ಸ್ವಾಗತ ಭಾಷಣವನ್ನು ಹಗುರವಾಗಿ ನೋಡುವವರು ಹಳ್ಳಿಯ ವೇದಿಕೆ ಹತ್ತಿ ನೋಡಬೇಕು. ಪವಿತ್ರ ಹಾರನಹಳ್ಳಿಯ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ, ಕನ್ನಡ ಪಾಠ ಮಾಡುವವಳು. ಆದರೆ ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ ಅವಳ ಹೆಸರು ಓಡಾಡುತ್ತಿದ್ದದ್ದು ಸ್ವಾಗತದಿಂದ. ಒಂದು ವೇದಿಕೆಯ ಮೇಲೆ ಒಂದು ಮಾತನ್ನು ಎರಡು ಸಲ ಬಳಸದವಳು ಎಂಬ ಖ್ಯಾತಿ. ಊರ ಹಿರಿಯರಿಗೆ ಆದರದ ಸ್ವಾಗತ. ಹೊರಗಿನಿಂದ ಬಂದ ಅತಿಥಿಗೆ ಹಾರ್ದಿಕ ಸ್ವಾಗತ. ಜೊತೆಯಲ್ಲೇ ಕೆಲಸ ಮಾಡುವವರಿಗೆ ಆತ್ಮೀಯ ಸ್ವಾಗತ, ಹೆಣ್ಣುಮಕ್ಕಳಿಗೆ ಪ್ರೀತಿಪೂರ್ವಕ. ಸುಸ್ವಾಗತ ಎನ್ನುವುದು ಕಮಾನಿಗೆ, ಬ್ಯಾನರಿಗೆ. ಅದನ್ನು ಬಾಯಲ್ಲಿ ಹೇಳಿದರೆ ಮಾತು ತಗಡಿನ ಹಾಗೆ ಕೇಳಿಸುತ್ತದೆ ಎಂದು ಅವಳ ವಾದ. ಬರಮಾಡಿಕೊಳ್ಳುತ್ತೇನೆ ಎಂಬುದನ್ನು ಮಾತ್ರ ಕಣ್ಣೆದುರು ಬಾಗಿಲು ದಾಟಿ ಬಂದವರಿಗಾಗಿ ಎತ್ತಿಡುತ್ತಿದ್ದಳು. ಇನ್ನು ತುಂಬು ಹೃದಯ, ಅದು ಬಲ ಇದ್ದವರಿಗೆ. ಕೆ.ಆರ್. ನಗರದಲ್ಲಿ ಒಮ್ಮೆ ಒಬ್ಬರಿಗೊಬ್ಬರು ಆಗದ ಇಬ್ಬರು ಮುಖಂಡರಿಗೆ ಯಾರೋ ಒಂದೇ ಮಾತು ಹಂಚಿಬಿಟ್ಟಿದ್ದಕ್ಕೆ ಅವರಲ್ಲೊಬ್ಬರು ಶಾಲು ಕೊಡವಿ ಎದ್ದುಹೋಗಿದ್ದರು. ಅವರ ಬೆಂಬಲಿಗರು ಸಂಜೆಯವರೆಗೆ ಊಟಕ್ಕೆ ಕೂರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಬೇರೆಯೇ ಇತ್ತು. ಆಹ್ವಾನ ಪತ್ರಿಕೆಯಲ್ಲಿ ಹೆಸರಿದ್ದರೆ ಸ್ವಾಗತ ಆಗಲೇಬೇಕು. ಮನುಷ್ಯ ಬಂದಿರಲಿ, ದಾರಿಯಲ್ಲಿರಲಿ, ಮನೆಯಲ್ಲಿ ಮಲಗಿರಲಿ. ತಡವಾಗಿ ಬಂದವನು ಮೊದಲು ಕೇಳುವುದೇ “ನನ್ನ ಹೆಸ್ರು ಹೇಳಿದ್ರಾ?” ಎಂದು. ಬಿಟ್ಟಿದ್ದರೆ ಆ ಊರಿನಲ್ಲಿ ಮತ್ತೆ ಮೈಕು ಮುಟ್ಟುವ ಹಾಗಿಲ್ಲ. ಹೀಗಾಗಿ ಪವಿತ್ರ ವರ್ಷಗಳಿಂದ ಎಷ್ಟೋ ಖಾಲಿ ಕುರ್ಚಿಗಳಿಗೆ ನಗುನಗುತ್ತಾ ಕೈಮುಗಿದಿದ್ದಳು. ಅದೊಂದು ತಪ್ಪು ಎಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಕಾಂತರಾಜು ಬಂದದ್ದು ಬೆಳೆಗಾರರ ಸಂಘದ ಅಧ್ಯಕ್ಷ ಚೆಲುವರಾಜು ಮಾತಾಡುತ್ತಿದ್ದಾಗ. ಚೆಲುವರಾಜು ಅವನ ಅಣ್ಣ. ಕಾಂತರಾಜು ಹಿಂಬಾಗಿಲಿನಿಂದ ವೇದಿಕೆ ಹತ್ತಿ, ನೋಡದೆ ಗುಲಾಬಿಯ ಮೇಲೆಯೇ ಕೂತ. ಮುಖ ಆಗತಾನೇ ತೊಳೆದಂತಿತ್ತು, ಕಿವಿಯ ಹಿಂದೆ ಇನ್ನೂ ನೀರು. ಸಮಾರಂಭ ಮುಗಿದ ಮೇಲೆ ಅವನು ಪವಿತ್ರಳನ್ನು ಹುಡುಕಿಕೊಂಡು ಬಂದ.

“ನನ್ನ ಹೆಸ್ರು ಹೇಳಿದ್ರಾ ಮೇಡಂ?”

“ಹೇಳ್ದೆ ಸರ್.”

“ಯಾವಾಗ?”

“ಶುರುನಲ್ಲೇ. ಅಧ್ಯಕ್ಷರಾದ ಮೇಲೆ ನಿಮ್ದೇ.”

ಅವನು ಅವಳನ್ನೇ ನೋಡಿದ. ಮೆಲ್ಲಗೆ ನಕ್ಕ. “ಬಾಳ ಒಳ್ಳೇದಾಯ್ತು” ಎಂದು ಅಲ್ಲಿಂದ ಹೋದ. ಎಲ್ಲ ಮುಖಂಡರ ಹಾಗೆ ಇವನಿಗೂ ಹೆಸರಿನ ಹುಚ್ಚು ಎಂದುಕೊಂಡು ಪವಿತ್ರ ಊಟಕ್ಕೆ ನಡೆದಳು.

ಸಂಜೆ ಸೌಂದರ್ಯ ಫೋನು ಮಾಡಿದಳು. ಮೆಹಬೂಬ್‌ಗೆ ಗಾಡಿ ಗುದ್ದಿತ್ತು. ಪಿರಿಯಾಪಟ್ಟಣದಿಂದ ವಾಪಸ್ ಬರುವಾಗ, ಹುಣಸೆಮರದ ತಿರುವಿನಲ್ಲಿ. ಒಂದು ಕಾಲು ಪುಡಿಪುಡಿ, ಮೈಸೂರಿಗೆ ಸಾಗಿಸಿದ್ದರು. ಗುದ್ದಿದ ಜೀಪು ನಿಲ್ಲಿಸದೆ ಹೋಗಿತ್ತು. “ಪ್ರಜ್ಞೆ ಇದೆಯಂತೆ ಕಣೇ” ಎಂದಳು ಸೌಂದರ್ಯ. ದನಿ ತಗ್ಗಿಸಿದಳು. “ಜೀಪು ಓಡಿಸ್ತಿದ್ದೋರು ಕಾಂತರಾಜು ಅಂತಿದ್ದಾನಂತೆ. ಮುಖ ನೋಡ್ದೆ ಅಂತಾನಂತೆ.”

ಪವಿತ್ರಳಿಗೆ ಅವನ ಕಿವಿಯ ಹಿಂದಿನ ನೀರು ನೆನಪಾಯಿತು.

ಮಾರನೆಯ ದಿನ ಪತ್ರಿಕೆಯಲ್ಲಿ ಸಮಾರಂಭದ ಸುದ್ದಿ ಬಂತು. ಕೊನೆಯ ಸಾಲಿನಲ್ಲಿ ಕಾಂತರಾಜು ಹೆಸರು, ಆಮೇಲೆ ಇನ್ನೂ ಯಾರ್ಯಾರದೋ, ನಂತರ “ಉಪಸ್ಥಿತರಿದ್ದರು.” ವಾಟ್ಸ್ಯಾಪಿನಲ್ಲಿ ವಿಡಿಯೋ ಹರಿದಾಡತೊಡಗಿತು. ಕ್ಯಾಮೆರಾ ಹಿಡಿದವನು ಸ್ವಾಗತ ಮುಗಿಯುವವರೆಗೂ ಪವಿತ್ರಳ ಮುಖವನ್ನೇ ಹಿಡಿದಿದ್ದ. ಹೆಸರು ಸ್ಪಷ್ಟವಾಗಿ ಕೇಳುತ್ತಿತ್ತು, ಚಪ್ಪಾಳೆ ಕೇಳುತ್ತಿತ್ತು, ಕುರ್ಚಿ ಕಾಣುತ್ತಿರಲಿಲ್ಲ. ಮೆಹಬೂಬ್ ರಸ್ತೆಯಲ್ಲಿ ಬಿದ್ದ ಹೊತ್ತಿಗೆ ಕಾಂತರಾಜು ವೇದಿಕೆಯ ಮೇಲಿದ್ದ ಎನ್ನುವುದಕ್ಕೆ ಅವಳ ಗಂಟಲೇ ಸಾಕ್ಷಿ. ಭವನದಲ್ಲಿ ಆ ಕುರ್ಚಿ ನೋಡಿದವರು ಇದ್ದರು. ನೋಡಿದ್ದೇವೆ ಎನ್ನುವವರು ಇರಲಿಲ್ಲ.

ಅವಳು ಸ್ಟಾಫ್ ರೂಮಿನಲ್ಲಿ ಸೌಂದರ್ಯಳನ್ನು ಒಂದು ಮೂಲೆಗೆ ಕರೆದಳು.

“ನೀನು ಹೂವು ಕುರ್ಚಿ ಮೇಲಿಟ್ಟೆ. ನೆನಪಿದೆ ತಾನೇ?”

ಸೌಂದರ್ಯ ಹಾಜರಿ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಜೋಡಿಸಿದ್ದನ್ನೇ ಕೆಡವಿ ಮತ್ತೆ ಜೋಡಿಸಿದಳು.

“ಕೈಗೇ ಕೊಟ್ಟೆ ಕಣೇ.”

“ಏನಂದೆ?”

“ಅವರ ಕೈಗೇ ಕೊಟ್ಟೆ. ಕೈಗೇ.” ತಲೆ ಎತ್ತಿದಾಗ ಅವಳ ಕಣ್ಣಂಚು ಕೆಂಪಾಗಿತ್ತು. “ನಂಗೆ ಎರಡು ಚಿಕ್ಕ ಮಕ್ಕಳಿದಾವೆ ಪವಿತ್ರ. ನೀನು ಇನ್ನೊಂದ್ಸಲ ನನ್ನ ಇದನ್ನ ಕೇಳಬೇಡ.”

ಅಂದಿನಿಂದ ಹೆದರಿಕೆ ಪವಿತ್ರಳ ಜೊತೆ ವಾಸಕ್ಕೆ ಬಂತು. ಬಂದದ್ದು ಬಲು ಮರ್ಯಾದೆಯಿಂದ. ಯಾರೂ ಅವಳಿಗೆ ಬೈಯಲಿಲ್ಲ, ದಾರಿಗೆ ಅಡ್ಡ ನಿಲ್ಲಲಿಲ್ಲ. ಬದಲಿಗೆ ಎಲ್ಲರೂ ಸ್ವಾಗತಿಸತೊಡಗಿದರು. ಹಾರನಹಳ್ಳಿಯ ಹೋಟೆಲಿನವನು “ಬನ್ನಿ ಬನ್ನಿ ಮೇಡಂ, ದಯಮಾಡಿಸ್ಬೇಕು” ಎಂದು ಎದ್ದು ನಿಂತ. ಅದುವರೆಗೆ ಅವನು ಅವಳ ಟೀಗೆ ಸಕ್ಕರೆ ಹಾಕುವುದನ್ನು ದಿನವೂ ಮರೆಯುತ್ತಿದ್ದ. ಸಂಘದ ಕಚೇರಿಯ ಮುಂದೆ ಕೂತಿದ್ದ ಗಂಡಸರು ಅವಳ ಸ್ಕೂಟಿ ಕಂಡೊಡನೆ ಬೀಡಿ ಕೆಳಗಿಟ್ಟು ಕೈಮುಗಿದರು. ಕನ್ನಡಿಯಲ್ಲಿ ನೋಡಿದರೆ ಅವರು ಇನ್ನೂ ಅವಳನ್ನೇ ನೋಡುತ್ತಿದ್ದರು.

ಒಂದು ಸಂಜೆ ಮನೆಗೆ ಬರುವಾಗ ಹಿಂದೆ ಒಂದು ಜೀಪು ಅಂಟಿಕೊಂಡಿತು. ಎರಡು ದೀಪ. ಒಂದು ಹಳೆಯದು, ಹಳದಿ. ಇನ್ನೊಂದು ಹೊಚ್ಚಹೊಸದು, ಕಣ್ಣು ಕುಕ್ಕುವ ಬಿಳಿ. ಅವಳು ನಿಧಾನಿಸಿದರೆ ಜೀಪೂ ನಿಧಾನಿಸಿತು. ಹೊಗೆಸೊಪ್ಪಿನ ಹೊಲಗಳ ನಡುವೆ ರಸ್ತೆ ಬಿಕೋ ಎನ್ನುತ್ತಿತ್ತು, ದೂರದಲ್ಲಿ ಎಲ್ಲೋ ಸೊಪ್ಪು ಬೇಯಿಸುವ ಮನೆಯ ಹೊಗೆ. ಹುಣಸೆಮರದ ತಿರುವಿನ ಹತ್ತಿರ ಅವಳು ಸ್ಕೂಟಿಯನ್ನು ಚರಂಡಿಯ ಪಕ್ಕಕ್ಕೆ ಇಳಿಸಿ ನಿಂತುಬಿಟ್ಟಳು. ಜೀಪು ಪಕ್ಕಕ್ಕೆ ಬಂತು. ನಿಂತಿತು. ಚೆಲುವರಾಜುವಿನ ಡ್ರೈವರ್ ಸ್ವಾಮಿ ಕಿಟಕಿಯಿಂದ ತಲೆ ಹಾಕಿ ಹಲ್ಲು ಕಿರಿದ.

“ಯಾಕ್ ಮೇಡಂ, ಪೆಟ್ರೋಲ್ ಖಾಲಿನಾ?”

“ಇಲ್ಲ.”

“ಮತ್ತಿನ್ನೇನ್ ನಿಂತ್ಕಂಡ್ರಿ? ಹೋಗಿ ಹೋಗಿ, ನಾವ್ ಹಿಂದ್ಗಡೆ ಇರ್ತೀವಿ.”

ಅವಳು ಹೋದಳು. ಪಿರಿಯಾಪಟ್ಟಣದ ಮೊದಲ ಮನೆಗಳು ಬರುವವರೆಗೆ ಆ ಎರಡು ಬಣ್ಣದ ದೀಪ ಅವಳ ನೆರಳನ್ನು ಎರಡಾಗಿ ಸೀಳಿ ಮುಂದೆ ಚಾಚಿತ್ತು.

ಮನೆಯಲ್ಲಿ ಅಮ್ಮ ಭಾಗ್ಯಮ್ಮನಿಗೆ ಅವಳು ಏನೂ ಹೇಳಿರಲಿಲ್ಲ. ಭಾಗ್ಯಮ್ಮ ಸಾಲಿಗ್ರಾಮದ ಕಡೆಯವಳು. ಮಗಳು ಮೈಕಿನಲ್ಲಿ ಹಂಚುವ ಹೃದಯಗಳನ್ನೆಲ್ಲ ಕೇಳಿ ಒಳಗೊಳಗೇ ನಗುತ್ತಿದ್ದಳು. “ನಮ್ಮ ಕಡೆ ಇಷ್ಟೊಂದು ಮಾತಿಲ್ಲ ಕಣವ್ವ. ಬಂದೋರಿಗೆ ಕಾಲಿಗೆ ನೀರು ಕೊಡೋದು, ಬೆಲ್ಲ ಕೊಡೋದು. ಅಷ್ಟರಲ್ಲೇ ಅವ್ರು ನಮ್ಮೋರಾಗ್ಬುಡ್ತಾರೆ” ಎನ್ನುವಳು.

ಆ ಭಾನುವಾರ ಪವಿತ್ರ ಬಟ್ಟೆ ಒಣಗಿಹಾಕಿ ಒಳಗೆ ಬಂದರೆ, ಬಾಗಿಲ ಕಲ್ಲಿನ ಮೇಲೆ ಚೆಲುವರಾಜು ನಿಂತಿದ್ದ. ಚಪ್ಪಲಿ ಬಿಟ್ಟು, ಪಂಚೆ ಮೊಣಕಾಲಿಗೆ ಎತ್ತಿ ಹಿಡಿದು. ಭಾಗ್ಯಮ್ಮ ಚೊಂಬಿನಿಂದ ಅವನ ಪಾದಕ್ಕೆ ನೀರು ಹೊಯ್ಯುತ್ತಿದ್ದಳು.

“ಇಂತಾ ದೊಡ್ಡೋರು ನಮ್ಮನೆಗೆ ಬಂದವ್ರೆ ನೋಡವ್ವ” ಎಂದಳು ಅಮ್ಮ, ಮುಖವೆಲ್ಲ ಅರಳಿಸಿ.

ಚೆಲುವರಾಜು ಬಾಳೆಹಣ್ಣಿನ ಗೊನೆ ತಂದಿದ್ದ. ಗೋಡೆಗೆ ಒರಗಿ, ಕಾಲು ಮಡಿಚಿ, ಮನೆಯವನ ಹಾಗೆ ಕೂತ. ದಪ್ಪ ಮೈ, ಮೆತ್ತನೆ ದನಿ. ಅವನು ಜೋರಾಗಿ ಮಾತಾಡಿದ್ದನ್ನು ಆ ತಾಲ್ಲೂಕಿನಲ್ಲಿ ಯಾರೂ ಕೇಳಿರಲಿಲ್ಲ, ಅದರ ಅಗತ್ಯ ಅವನಿಗೆ ಬಿದ್ದಿರಲೂ ಇಲ್ಲ. ಮಳೆ, ಸೊಪ್ಪಿನ ಹರಾಜು, ಭಾಗ್ಯಮ್ಮನ ಮಂಡಿನೋವು ಎಲ್ಲ ವಿಚಾರಿಸಿದ. ಕಾಫಿಯ ಲೋಟ ಕೈಗೆ ಬಂದ ಮೇಲೆ ಪವಿತ್ರಳ ಕಡೆ ತಿರುಗಿದ.

“ಪಾಪ, ನಮ್ ಮೆಹಬೂಬಂಗೆ ಅಂಗಾಗ್ಬಾರ್ದಿತ್ತು ಕಣ್ರೀ. ನೋವಿನಲ್ಲವ್ನೆ, ಯಾವ್ದೋ ಮುಖ ಕಂಡಂಗಾಗಿರ್ತದೆ. ನಮ್ಗೇನು ಅವ್ನ ಮ್ಯಾಲೆ ಬೇಜಾರಿಲ್ಲ. ನಾಳೆ ಸೋಮವಾರ ಸ್ಟೇಷನ್ನೋರು ನಿಮ್ಮನ್ನ ಕರೀತಾರೆ. ಹೊಸ್ದಾಗಿ ಏನೂ ಹೇಳ್ಬ್ಯಾಡಿ ಮೇಡಮ್ಮೋರೆ. ಮೈಕಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳಿ. ಕಾಂತರಾಜು ಬಂದಿದ್ರು, ಸ್ವಾಗತ ಮಾಡ್ದೆ. ಅಷ್ಟೇಯ.”

“ಅಣ್ಣಾ, ನಾನು ಹೆಸರು ಹೇಳೋವಾಗ ಆ ಕುರ್ಚಿ...”

“ಏನ್ ಕಾಫಿ ಮಾಡಿದ್ದೀರವ್ವಾ!” ಎಂದ ಅವನು ಭಾಗ್ಯಮ್ಮನಿಗೆ. “ಸಾಲಿಗ್ರಾಮದ ನೀರು ಕುಡ್ದೋರ ಕೈನೇ ಕೈ.” ಲೋಟ ಕೆಳಗಿಟ್ಟ. ಒದ್ದೆ ಪಾದದ ಗುರುತು ನೆಲದ ಮೇಲೆ ಇನ್ನೂ ಆರಿರಲಿಲ್ಲ. “ಕುರ್ಚಿ ಏನಾಯ್ತು ಮೇಡಂ?”

ಪವಿತ್ರ ಅಮ್ಮನ ಕಡೆ ನೋಡಿದಳು. “ಏನಿಲ್ಲ” ಎಂದಳು.

“ಸಾಯಂಕಾಲ ಆ ರಸ್ತೇಲಿ ಒಬ್ರೇ ಬತ್ತೀರಂತೆ. ನಮ್ ಸ್ವಾಮಿ ಹೇಳ್ದ. ನೋಡ್ಕಂಡು ಓಡಾಡಿ. ಅವ್ವಾರೂ ಹಗಲೆಲ್ಲ ಮನೇಲಿ ಒಬ್ರೇ ಇರ್ತಾರೆ.” ಎದ್ದು ನಿಂತು ಪಂಚೆ ಸರಿಮಾಡಿಕೊಂಡ. “ನಿಮ್ಗೇನಾರ ಹೆಚ್ಚುಕಮ್ಮಿ ಆಗ್ಬುಟ್ರೆ ಸ್ವಾಗತಕ್ಕೆ ನಾವ್ ಯಾರ್ನ ಕರ್ಕಂಬರಾನ, ಹೇಳಿ?” ತನ್ನ ಮಾತಿಗೆ ತಾನೇ ನಕ್ಕ. ಭಾಗ್ಯಮ್ಮನೂ ನಕ್ಕಳು. ಬಾಗಿಲು ದಾಟುವಾಗ, ಏನೋ ಸಣ್ಣ ವಿಷಯ ನೆನಪಾದವನಂತೆ ನಿಂತ. “ಒಂದ್ ಸಣ್ಣ ಕಾರ್ಯಕ್ರಮ ಮಡಿಕಂಡಿವ್ನಿ. ಶನಿವಾರ. ಅದೇ ಭವನದಾಗೆ. ನಿಮ್ಗೇ ಸನ್ಮಾನ. ಸ್ವಾಗತ ಕೋಗಿಲೆ ಅಂತ ಬಿರುದು ಕೊಡಾನ ಅಂತ ನಮ್ ಹುಡುಗ್ರದ್ದು ಆಸೆ. ಜೀಪು ಕಳಿಸ್ತೀನಿ.”

ಸೋಮವಾರ ಕಳೆದು, ಸ್ಟೇಷನ್ನಿನಿಂದ ಕರೆ ಬಾರದೆ, ಅದು ಮುಂದಿನ ಸೋಮವಾರಕ್ಕೆ ಹೋಯಿತೆಂದು ಯಾರೋ ಹೇಳಿದರು. ಯಾರು ಮುಂದಕ್ಕೆ ಹಾಕಿಸಿದರೆಂದು ಪವಿತ್ರಳಿಗೆ ಹೇಳಬೇಕಾಗಿರಲಿಲ್ಲ. ಮೊದಲು ಶಾಲು, ಆಮೇಲೆ ಹೇಳಿಕೆ. ಮೈಮೇಲೆ ಶಾಲು ಹೊದ್ದು ಕೂತ ಫೋಟೋ ಊರೆಲ್ಲ ಓಡಾಡಿದ ಮೇಲೆ ಬೇರೆ ಮಾತಾಡಲು ಬಾಯಿ ಎಲ್ಲಿ ಬರುತ್ತದೆ?

ಆ ವಾರ ಅವಳಿಗೆ ಮಾತುಗಳು ಕೈಕೊಟ್ಟವು. ತರಗತಿಯಲ್ಲಿ ಸಮಾನಾರ್ಥಕ ಪದಗಳ ಪಾಠ. ಒಂದು ಹುಡುಗಿ ಎದ್ದು, ಸ್ವಾಗತಕ್ಕೆ ಇನ್ನೇನೇನು ಅನ್ನಬಹುದು ಮಿಸ್ ಎಂದು ಕೇಳಿದಳು. ಪವಿತ್ರ ಬೋರ್ಡಿನ ಮೇಲೆ “ಎದುರುಗೊಳ್ಳುವುದು” ಎಂದು ಬರೆದಳು. ಗಂಡಿನ ಕಡೆಯವರನ್ನು ಊರ ಬಾಗಿಲಿಗೆ ಹೋಗಿ ಕರೆತರುವುದು ಎಂದು ವಿವರಿಸಹೋದವಳಿಗೆ ಎದುರಿನಿಂದ ಬರುವ ಜೀಪೇ ಕಣ್ಣಿಗೆ ಕಟ್ಟಿತು. ಸೀಮೆಸುಣ್ಣ ಮುರಿಯಿತು.

ಶುಕ್ರವಾರ ಅವಳು ಮಸೀದಿಯ ಹಿಂದಿನ ಓಣಿಗೆ ಹೋದಳು, ಮೆಹಬೂಬನ ಮನೆಗೆ. ಅವನ ಹೆಂಡತಿ ಮುನ್ನೀಬಿ ಮೈಸೂರಿನ ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದಿದ್ದಳು. ಹೊಲಿಗೆ ಯಂತ್ರದ ಮೇಲೆ ಯಾರದೋ ಅರ್ಧ ಹೊಲಿದ ರವಿಕೆ ಹಾಗೇ ಬಿದ್ದಿತ್ತು. ಮುನ್ನೀಬಿ ಬಾ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ಲುಂಗಿಗಳನ್ನು ಮಡಿಚಿ ಚೀಲಕ್ಕೆ ತುರುಕುತ್ತಿದ್ದಳು.

“ಹೇಗಿದ್ದಾರೆ ಅಕ್ಕಾ?”

“ಮಂಡಿ ಕೆಳಗೆ ತೆಗೀಬೇಕಂತೆ.”

ಗೋಡೆಯ ಮೇಲಿನ ಹಲಗೆಯಲ್ಲಿ, ಸ್ಪೀಕರು ವೈರುಗಳ ನಡುವೆ, ಟವೆಲಿನಲ್ಲಿ ಸುತ್ತಿದ ಒಂದು ಮೈಕು. ತಲೆಯ ಜಾಲರಿ ಒಂದು ಕಡೆ ನುಜ್ಜಾಗಿತ್ತು. ಪವಿತ್ರ ಅದನ್ನೇ ನೋಡುತ್ತಿರುವುದು ಮುನ್ನೀಬಿಗೆ ಗೊತ್ತಾಯಿತು.

“ಅಂಗಿ ಒಳಗೆ ಇಟ್ಕೊಂಡಿದ್ರು. ಆಸ್ಪತ್ರೆಲಿ ಬಿಚ್ಚಿದಾಗ ಸಿಕ್ತು. ನಿಮ್ದೇ ಅಂತೆ ಅದು.” ಚೀಲದ ಜಿಪ್ಪು ಎಳೆದಳು. ಅದು ಸಿಕ್ಕಿಕೊಂಡಿತು. “ನಮ್ಮೋರು ಸುಳ್ಳು ಹೇಳ್ತಾರಾ ಮೇಡಂ? ಸ್ಟೇಷನ್‌ಗೆ ಹೋಗಿ ಹೇಳಿ ಅನ್ನಲ್ಲ ನಾನು. ನನಗೆ ಹೇಳಿ. ಊರೋರೆಲ್ಲ ಅಂತಾವ್ರೆ, ಪವಿತ್ರ ಮೇಡಮ್ಮೇ ಕರೆದು ಕೂರಿಸಿದ್ರಲ್ಲ, ನಿನ್ನ ಗಂಡ ಯಾರನ್ನ ನೋಡಿದ್ದು ಅಂತ. ನಿನ್ನೆ ಅವ್ರೂ ಕೇಳಿದ್ರು ನನ್ನ. ಮುನ್ನೀ, ನಂಗೇ ತಲೆ ಕೆಟ್ಟೈತಾ ಅಂತ.”

ಪವಿತ್ರ ಬಾಯಿ ತೆರೆದಳು. ಓಣಿಯಲ್ಲಿ ಯಾವುದೋ ಗಾಡಿಯ ಸದ್ದಾಯಿತು. ಇಬ್ಬರೂ ಬಾಗಿಲ ಕಡೆ ತಿರುಗಿದರು. ಹಾಲಿನ ಆಟೋ.

“ನನಗೆ ಹೆದರಿಕೆ ಆಗ್ತಿದೆ ಅಕ್ಕಾ” ಎಂದಳು ಪವಿತ್ರ.

“ನನಗಾಗಲ್ವಾ? ಮಗ ಜೀಶಾನ್‌ನ ಸ್ಕೂಲಿಗೇ ಕಳ್ಸಿಲ್ಲ ಆವತ್ತಿಂದ.” ಮುನ್ನೀಬಿ ಜಿಪ್ಪನ್ನು ಜೋರಾಗಿ ಎಳೆದು ಹಾಕಿದಳು. “ಬಸ್ಸಿಗೆ ಹೊತ್ತಾಯ್ತು. ಬೀಗ ಹಾಕ್ಬೇಕು.”

ಶನಿವಾರ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುವುದು ಎಂದು ಪವಿತ್ರ ನಿಶ್ಚಯ ಮಾಡಿಕೊಂಡಿದ್ದಳು. ಜ್ವರ ಅನ್ನುವುದು, ಮೈಸೂರಿಗೆ ಹೋಗಿದ್ದೇನೆ ಅನ್ನುವುದು. ತಲೆಗೆ ಸ್ನಾನ ಮಾಡಿ ಬರುವಷ್ಟರಲ್ಲಿ ಜೀಪು ಬಾಗಿಲಲ್ಲಿತ್ತು. ಭಾಗ್ಯಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಆಗಲೇ ಒಳಗೆ ಹತ್ತಿ ಕೂತಿದ್ದಳು.

“ಅಮ್ಮಾ, ನೀನ್ಯಾಕೆ?”

“ಅಧ್ಯಕ್ಷರೇ ಹೇಳಿಕಳ್ಸವ್ರೆ ಕಣವ್ವ, ಅವ್ವಾರ್ನ ಬುಟ್ಟು ಬರ್ಬ್ಯಾಡಿ ಅಂತ. ಬಾ ಬೇಗ, ಈ ಸ್ವಾಮಿ ಆಗಿಂದ ಕಾಯ್ತಾವ್ನೆ.”

ಪವಿತ್ರ ಮುಂದೆ ನಡೆದು ದೀಪ ನೋಡಿದಳು. ಎಡಗಡೆಯದು ಹೊಸದು. ಅದರ ಕೆಳಗೆ ಬಂಪರಿಗೆ ಬಳಿದ ಬಣ್ಣ ಜೀಪಿನ ಉಳಿದ ಬಣ್ಣಕ್ಕಿಂತ ಒಂದು ಕೂದಲೆಳೆ ಗಾಢವಾಗಿತ್ತು. ಹತ್ತಿ ಅಮ್ಮನ ಪಕ್ಕ ಕೂತಳು.

ಹುಣಸೆಮರದ ತಿರುವಿನಲ್ಲಿ ರಸ್ತೆಯಂಚಿನ ಮಣ್ಣಿನಲ್ಲಿ ಗಾಜಿನ ಪುಡಿ ಇನ್ನೂ ಮಿನುಗುತ್ತಿತ್ತು. ಸ್ವಾಮಿ ಜೀಪು ನಿಧಾನಿಸಿದ.

“ಇಲ್ಲೇ ಕಣವ್ವ ಆಗಿದ್ದು.”

“ಅಯ್ಯೋ ಶಿವನೇ. ಗುದ್ದಿದ್ದು ಯಾರಪ್ಪ?”

“ಯಾವ್ದೋ ಗಾಡಿ” ಎಂದ ಸ್ವಾಮಿ. ಕನ್ನಡಿಯಲ್ಲಿ ಅವನ ಕಣ್ಣು ಪವಿತ್ರಳ ಮೇಲಿತ್ತು.

ಭವನದ ಬಾಗಿಲಿಗೆ ಬಾಳೆಕಂದು, ಸುಸ್ವಾಗತದ ಬ್ಯಾನರು. ಬ್ಯಾನರಿನ ಮೇಲೆ ಅವಳದೇ ಮುಖ. ಒಳಗೆ ಕಾಲಿಡಲು ಜಾಗವಿಲ್ಲ. ಇಬ್ಬರು ಗಂಡಸರು ಭಾಗ್ಯಮ್ಮನನ್ನು ತೋಳು ಹಿಡಿದು ಮೊದಲ ಸಾಲಿಗೆ ಕರೆದೊಯ್ದು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ತಾವೂ ಅವಳ ಎಡಬಲಕ್ಕೆ ಕೂತರು. ಮೈಕ್ ಸೆಟ್ಟು ಹುಣಸೂರಿನಿಂದ ಬಂದಿತ್ತು. ದನಿ ನೀರಿನ ಹಾಗೆ ತಿಳಿಯಾಗಿ ಹರಿಯುತ್ತಿತ್ತು, ಒಂದು ಕೆಮ್ಮೂ ಇಲ್ಲ. ಸ್ವಾಗತ ಮಾಡುತ್ತಿದ್ದವಳು ಸೌಂದರ್ಯ. ಎಲ್ಲರಿಗೂ ಹಾರ್ದಿಕ, ಎಲ್ಲರಿಗೂ ಹಾರ್ದಿಕ. ಪವಿತ್ರಳ ಕಡೆ ಒಮ್ಮೆಯೂ ತಿರುಗಲಿಲ್ಲ.

ಮೆಟ್ಟಿಲ ಹತ್ತಿರ ನಿಂತ ಪವಿತ್ರಳಿಗೆ ವೇದಿಕೆಯ ಮೇಲೆ ತಾನು ಯಾವತ್ತೂ ಕೂತಿಲ್ಲ ಎಂಬುದು ಆಗ ಹೊಳೆಯಿತು. ಸ್ವಾಗತಿಸುವವರಿಗೆ ಕುರ್ಚಿ ಹಾಕುವ ಪದ್ಧತಿಯೇ ಇಲ್ಲ. ಮಾತು ಮುಗಿಸಿ, ಪಕ್ಕಕ್ಕೆ ಸರಿದು, ಕಂಬಕ್ಕೆ ಒರಗಿ ನಿಲ್ಲಬೇಕು. ಇಂದು ಅಧ್ಯಕ್ಷರ ಬಲಕ್ಕೆ, ಬಿಳಿ ಟವೆಲು ಹೊದಿಸಿದ ಒಂದು ಕುರ್ಚಿ ಖಾಲಿ ಬಿಟ್ಟಿದ್ದರು. ಅಂದಿನದೇ ಜಾಗ.

ಕಾಂತರಾಜು ಎದ್ದು ಬಂದು ಸೌಂದರ್ಯಳ ಕೈಯಿಂದ ಮೈಕು ತೆಗೆದುಕೊಂಡ.

“ನಾನು ಮಾತುಗಾರ ಅಲ್ಲ” ಎಂದ. ಜನ ನಕ್ಕರು. “ಆದ್ರೆ ಇವತ್ತು ಒಬ್ರಿಗೆ ನಾನೇ ಸ್ವಾಗತ ಮಾಡ್ಬೇಕು. ಆವತ್ತು ಇದೇ ವೇದಿಕೆಗೆ, ಎಲ್ರ ಮುಂದೆ, ನನ್ನನ್ನ ಬರಮಾಡ್ಕೊಂಡ ನಮ್ಮ ತಂಗಿ, ಸ್ವಾಗತ ಕೋಗಿಲೆ ಪವಿತ್ರ ಮೇಡಮ್ಮೋರಿಗೆ ಆದರದ, ಆತ್ಮೀಯ, ಹಾರ್ದಿಕ, ತುಂಬು ಹೃದಯದ ಸ್ವಾಗತ! ಬನ್ನಿ ತಂಗಿ.”

ಅವಳ ಮಾತುಗಳನ್ನೆಲ್ಲ ಅವನು ಒಂದೇ ಉಸಿರಿನಲ್ಲಿ ಅವಳ ಮೇಲೆ ಸುರಿದಿದ್ದ. ಚಪ್ಪಾಳೆಗೆ ಭವನದ ತಗಡು ನಡುಗಿತು. ಯಾರೋ ಬೆನ್ನಿಗೆ ಕೈಯಿಟ್ಟು ಅವಳನ್ನು ಮೆಟ್ಟಿಲು ಹತ್ತಿಸಿದರು. ಚೆಲುವರಾಜು ಶಾಲು ಬಿಡಿಸಿ ಹಿಡಿದು ನಿಂತಿದ್ದ. ಫೋಟೋದವನು ಕೆಳಗೆ ಮಂಡಿಯೂರಿ ಕಾಯುತ್ತಿದ್ದ. ಮೊದಲ ಸಾಲಿನಲ್ಲಿ ಅಮ್ಮ ಇಬ್ಬರು ಗಂಡಸರ ನಡುವೆ ಸಣ್ಣಗೆ ಕಾಣುತ್ತಿದ್ದಳು. ಅವಳ ಕಣ್ಣಲ್ಲಿ ನೀರು, ಹೆಮ್ಮೆಯದು. ಪಕ್ಕದವನು ಅವಳ ಕುರ್ಚಿಯ ಬೆನ್ನಿನ ಮೇಲೆ ತೋಳು ಚಾಚಿ ಕೂತಿದ್ದ.

ಕಾಂತರಾಜು ಕುರ್ಚಿ ಎಳೆದು, ಟವೆಲು ಸರಿಮಾಡಿ, ಕೈ ತೋರಿಸಿದ. ಮೈಕು ಇನ್ನೂ ಅವನ ಕೈಯಲ್ಲೇ ಇತ್ತು.

“ಕೂತ್ಕಳಿ.”

ಯಾರೋ ಕುರ್ಚಿಯ ಮೇಲೆ ಒಂದು ಗುಲಾಬಿ ಇಟ್ಟಿದ್ದರು. ಪವಿತ್ರ ಅದನ್ನು ನೋಡಿದಳು. ಸೌಂದರ್ಯ ಕಂಬದ ಮರೆಗೆ ಸರಿದಿದ್ದಳು, ಮುಖ ಬಿಳಿಚಿಕೊಂಡಿತ್ತು. ಹೂವು ಸುಮ್ಮನೆ ಬಿದ್ದಿತ್ತು, ಅಂದು ಬಿದ್ದಿದ್ದ ಹಾಗೆಯೇ. ಅದರ ಮೇಲೆ ಕೂತುಬಿಟ್ಟರೆ ಮುಗಿಯಿತು. ಸ್ಕೂಟಿಯ ಹಿಂದೆ ಜೀಪು ಬರುವುದಿಲ್ಲ, ಅಮ್ಮ ಹಗಲು ಮನೆಯಲ್ಲಿ ಒಬ್ಬಳೇ ಇರಬಹುದು, ಹೋಟೆಲಿನವನು ಟೀಗೆ ಸಕ್ಕರೆ ಮರೆಯಬಹುದು. ಮೈಸೂರಿನ ಮಂಚದ ಮೇಲೆ ಒಬ್ಬ ಮನುಷ್ಯ ತನ್ನ ಕಣ್ಣನ್ನು ತಾನೇ ನಂಬದೆ ಮಲಗಿರುತ್ತಾನೆ. ಮೈಕು ಸರಿಯಿಲ್ಲ ಎಂದು ಅವನನ್ನು ಆ ರಸ್ತೆಗೆ ಕಳಿಸಿದವಳು ಅವಳೇ.

ಮಾತು ಬರುತ್ತದೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಬಂತು, ಆದರೆ ವೇದಿಕೆಯ ದನಿಯಲ್ಲ. ಮುರುಕು ಮುರುಕಾಗಿ, ಅಡುಗೆಮನೆಯಲ್ಲಿ ಮಾತಾಡಿದಂತೆ ಬಂತು.

“ಈ ಕುರ್ಚಿ ಆವತ್ತು ಖಾಲಿ ಇತ್ತು.”

ಕಾಂತರಾಜು ಮೈಕು ತಟ್ಟನೆ ಕೆಳಗಿಳಿಸಿದ. ಆದರೆ ಹುಣಸೂರಿನ ಮೈಕು ಒಳ್ಳೆಯದು. ಅಷ್ಟು ಸಣ್ಣ ದನಿಯನ್ನೂ ಹಿಡಿದು, ಭವನದ ನಾಲ್ಕು ಮೂಲೆಗೂ ಮುಟ್ಟಿಸಿಬಿಟ್ಟಿತ್ತು. ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ತಟ್ಟುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಭಾಗ್ಯಮ್ಮ ಮುಖದ ನಗು ಹಾಗೇ ಇಟ್ಟುಕೊಂಡು, ಏನಾಯಿತೆಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು.

ಚೆಲುವರಾಜು ಶಾಲು ಹಿಡಿದೇ ಹತ್ತಿರ ಬಂದ. ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಕಿವಿಯ ಹತ್ತಿರ ಬಾಗಿದ. ದನಿ ಅದೇ, ಮೆತ್ತಗೆ.

“ಅವ್ವಾರು ನೋಡ್ತಾವ್ರೆ ಮೇಡಮ್ಮೋರೆ. ಕೂತ್ಕಳಿ.”

“ಕೂರಲ್ಲ” ಎಂದಳು ಪವಿತ್ರ.